ಆಸ್ತಿ ಹೋಯಿತು, ತಂಬಿಲ ಉಳಿಯಿತು: ಕಾಸರಗೋಡಿನ ಸಾಮಾಜಿಕ ಸಂಸ್ಥೆಗಳ ಬಗ್ಗೆ ಒಂದು ಚರ್ಚೆ

ಪೈವಳಿಕೆಯ ಅಧ್ಯಾಪಕ:

ನಾನು ಪ್ಲಸ್ ವನ್, ಪ್ಲಸ್ ಟು ಮಕ್ಕಳಿಗೆ ಸಮಾಜಶಾಸ್ತ್ರ ಕಲಿಸುತ್ತೇನೆ. ಸಾಮಾಜಿಕ ಸಂಸ್ಥೆಗಳ ಪಾಠ ಬಂದಾಗಲೆಲ್ಲ ನನಗೊಂದು ಅಸಮಾಧಾನ. ಕುಟುಂಬ, ಧರ್ಮ, ಶಿಕ್ಷಣ, ಆರ್ಥಿಕತೆ, ರಾಜ್ಯ ಎಂದು ಐದು ತಲೆಬರಹಗಳು. ಪ್ರತಿಯೊಂದರ ಕೆಳಗೆ ಕಾರ್ಯಾತ್ಮಕ ದೃಷ್ಟಿ (ಸಂಸ್ಥೆ ಸಮಾಜಕ್ಕೆ ಮಾಡುವ ಕೆಲಸ), ಸಂಘರ್ಷ ದೃಷ್ಟಿ (ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ), ಸಾಂಕೇತಿಕ ಅಂತರಕ್ರಿಯಾ ದೃಷ್ಟಿ (ದಿನದ ಒಡನಾಟದಲ್ಲಿ ಜನ ಅದಕ್ಕೆ ಕೊಡುವ ಅರ್ಥ) ಎಂದು ಮೂರು ಉತ್ತರಗಳು. ಮಕ್ಕಳು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಮಾತೃವಂಶೀಯ ಕುಟುಂಬಕ್ಕೆ ಉದಾಹರಣೆ ಕೊಡಿ ಎಂದರೆ ಮೇಘಾಲಯದ ಖಾಸಿಗಳ ಹೆಸರು ಬರೆಯುತ್ತಾರೆ. ಹಾಗೆ ಬರೆಯುವ ಮಗುವಿನ ಅಜ್ಜಿ ತಾಯಿಯ ಕಡೆಯಿಂದ ವಂಶ, ಆಸ್ತಿ ಎಣಿಸುವ ಅಳಿಯಸಂತಾನ ಕಟ್ಟಿನ ತರವಾಡಿನಲ್ಲಿ, ಅಂದರೆ ಕೂಡುಕುಟುಂಬದ ಮೂಲಮನೆಯಲ್ಲಿ, ಹುಟ್ಟಿ ಬೆಳೆದವರು. ಇದು ನನಗೆ ನೋವು ಕೊಡುತ್ತದೆ. ಅದಕ್ಕಾಗಿಯೇ ಈ ಚರ್ಚೆ ಎತ್ತಿದ್ದೇನೆ.

ಮೊದಲು ನನ್ನ ವಾದ. ಕಾರ್ಯಾತ್ಮಕ ದೃಷ್ಟಿಯವರು ಹೇಳುವುದು ಇಷ್ಟು: ಸಮಾಜ ಉಳಿಯಬೇಕಾದರೆ ಕೆಲವು ಕೆಲಸಗಳು ನಡೆಯಲೇಬೇಕು, ಆ ಕೆಲಸಗಳನ್ನು ಸಂಸ್ಥೆಗಳು ಹಂಚಿಕೊಂಡಿವೆ. ಅಮೆರಿಕದ ಟಾಲ್ಕಟ್ ಪಾರ್ಸನ್ಸ್ ಇದನ್ನು ಕುಟುಂಬಕ್ಕೆ ಅನ್ವಯಿಸಿದರು. ಕೈಗಾರಿಕೆ ಬಂದ ಮೇಲೆ ಉತ್ಪಾದನೆ ಕಾರ್ಖಾನೆಗೆ ಹೋಯಿತು, ಕಲಿಕೆ ಶಾಲೆಗೆ ಹೋಯಿತು, ಕುಟುಂಬಕ್ಕೆ ಉಳಿದದ್ದು ಮಕ್ಕಳನ್ನು ಸಮಾಜಕ್ಕೆ ಒಗ್ಗಿಸುವುದು ಮತ್ತು ದೊಡ್ಡವರ ಮನಸ್ಸಿಗೆ ಆಸರೆಯಾಗುವುದು ಎಂದರು. ಅಂದರೆ ಸಂಸ್ಥೆಯೊಂದು ಕೆಲಸ ಕಳೆದುಕೊಂಡಷ್ಟೂ ಕಿರಿದಾಗುತ್ತದೆ.

ನಮ್ಮಲ್ಲಿ ಹಾಗಾಯಿತೇ? ಚಂದ್ರಗಿರಿ ಹೊಳೆಯ ಉತ್ತರಕ್ಕೆ ಬಂಟರ, ಬಿಲ್ಲವರ ತರವಾಡುಗಳನ್ನು ನೋಡಿ. ಹಿಂದೆ ಭೂಮಿ, ಬೇಸಾಯ, ಮದುವೆಯ ಕಟ್ಟಳೆ, ಜಗಳದ ತೀರ್ಮಾನ, ದೈವದ ಚಾಕರಿ ಎಲ್ಲವೂ ಅಲ್ಲೇ. ಭೂಮಿ ಹೋಯಿತು. ತೀರ್ಮಾನ ಪಂಚಾಯತಿಗೆ, ನ್ಯಾಯಾಲಯಕ್ಕೆ ಹೋಯಿತು. ಮಕ್ಕಳು ಮಂಗಳೂರು, ಮುಂಬಯಿ, ದುಬೈ ಸೇರಿದರು. ಪಾರ್ಸನ್ಸ್ ಹೇಳಿದಂತೆ ತರವಾಡು ಸೊರಗಿ ಹೋಗಬೇಕಿತ್ತು. ಆದರೆ ಒಂದೊಂದೇ ತರವಾಡು ಮನೆ ಜೀರ್ಣೋದ್ಧಾರವಾಗುತ್ತಿದೆ. ಟ್ರಸ್ಟ್ ನೋಂದಣಿಯಾಗುತ್ತಿದೆ, ವಂತಿಗೆ ಸಂಗ್ರಹವಾಗುತ್ತಿದೆ. ವರ್ಷದ ತಂಬಿಲಕ್ಕೆ, ಅಂದರೆ ಕುಟುಂಬದ ದೈವಗಳಿಗೆ ಸಲ್ಲಿಸುವ ಸೇವೆಗೆ, ದೈವ ಕಟ್ಟಿ ಕುಣಿಯುವ ನೇಮಕ್ಕೆ ಮುಂಬಯಿಯವರು ರೈಲು ಹತ್ತಿ ಬರುತ್ತಾರೆ. ತಂದೆಯ ಆಸ್ತಿ ಮಕ್ಕಳಿಗೆ ಬರುತ್ತಿದ್ದರೂ ಮದುವೆಯ ಮಾತುಕತೆಯಲ್ಲಿ ಇಂದಿಗೂ ಕೇಳುವುದು ತಾಯಿಯ ಬಳಿಯನ್ನೇ, ಅಂದರೆ ತಾಯಿಯಿಂದ ಬರುವ ಕುಲವನ್ನೇ. ಒಂದೇ ಬಳಿಯಾದರೆ ಸಂಬಂಧ ಅಲ್ಲಿಗೇ ನಿಲ್ಲುತ್ತದೆ.

ನಾನು ಹೇಳುವುದು: ನಮ್ಮ ಗಡಿನಾಡಿನಲ್ಲಿ ಒಂದು ಸಂಸ್ಥೆ ತನ್ನ ಹಳೆಯ ಕೆಲಸ ಕಳೆದುಕೊಂಡರೆ ಸಾಯುವುದಿಲ್ಲ. ಪಕ್ಕದ ಸಂಸ್ಥೆಯ ಕೆಲಸವನ್ನು ಹೊತ್ತುಕೊಂಡು ಬದುಕುತ್ತದೆ. ಆದ್ದರಿಂದ ಐದು ಸಂಸ್ಥೆಗಳನ್ನು ಐದು ಪಾಠಗಳಾಗಿ ಕಲಿಸುವುದು ಸರಿಯಲ್ಲ. ನಿಮ್ಮ ಊರಿನ ಉದಾಹರಣೆಗಳನ್ನು ಹೇಳಿ, ಒಪ್ಪದಿದ್ದರೆ ವಾದಿಸಿ.

ಮಂಜೇಶ್ವರದ ವಕೀಲ:

ಮಾಸ್ತರರೇ, ಒಳ್ಳೆಯ ವಿಷಯ. ಆದರೆ 'ಆಸ್ತಿ ಹೋಯಿತು' ಎಂದು ಒಂದೇ ಮಾತಿನಲ್ಲಿ ದಾಟಬೇಡಿ. ಹೇಗೆ ಹೋಯಿತು ಎನ್ನುವುದರಲ್ಲೇ ರಾಜ್ಯ ಎಂಬ ಸಂಸ್ಥೆಯ ಕೈ ಕಾಣುತ್ತದೆ.

ಬ್ರಿಟಿಷರ ಕಾಲದ ನ್ಯಾಯಾಲಯಗಳು ಅಳಿಯಸಂತಾನದ ಆಸ್ತಿಯನ್ನು ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಮಾಡುವಂತಿಲ್ಲ ಎಂದು ಹಿಡಿದುಕೊಂಡವು. ಯಜಮಾನನೋ ಯಜಮಾನತಿಯೋ ನೋಡಿಕೊಳ್ಳಬೇಕು, ಉಳಿದವರಿಗೆ ಜೀವನಾಂಶದ ಹಕ್ಕು ಅಷ್ಟೇ. ನಾವು ಅನಾದಿ ಕಟ್ಟು ಎಂದು ಭಾವಿಸುವ ಬಿಗಿತನದಲ್ಲಿ ಒಂದು ಪಾಲು ಆ ತೀರ್ಪುಗಳಿಂದ ಬಂದದ್ದು. 1949ರ ಮದರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆ ಕವರು ಲೆಕ್ಕದಲ್ಲಿ ಪಾಲು ಕೇಳುವ ಹಕ್ಕು ಸಿಕ್ಕಿತು. ಒಬ್ಬ ಹೆಂಗಸು ಮತ್ತು ಅವಳ ಹೆಣ್ಣು ಸಂತತಿಯಿಂದ ಇಳಿದವರದ್ದು ಒಂದು ಕವರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ವ್ಯಕ್ತಿ ಸತ್ತಾಗ ಅವನ ಪಾಲು ಅವನ ವಾರಸುದಾರರಿಗೆ, ಅಂದರೆ ಹೆಂಡತಿ ಮಕ್ಕಳಿಗೂ ಹೋಗುವಂತೆ ಮಾಡಿತು. ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಇದರ ಪರಿಣಾಮ 20 ವರ್ಷಗಳ ಮೇಲೆ ಕುಟುಂಬದೊಳಗೆ ಬಂದಿತು: ಕೇರಳವು 1975ರಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸುವ ಕಾಯಿದೆ ಮಾಡಿತು, 1976ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂದಿತು. ಗಡಿಯ ತಲಪಾಡಿಯಿಂದ ಆಚೆ, ಕರ್ನಾಟಕದಲ್ಲಿ, ಅಂಥ ಕಾಯಿದೆ ಇಲ್ಲ. ಒಂದೇ ಕುಟುಂಬದ ಅಕ್ಕನ ಮನೆ ಬಂಟ್ವಾಳದಲ್ಲಿ, ತಂಗಿಯ ಮನೆ ಮಂಜೇಶ್ವರದಲ್ಲಿ ಇದ್ದರೆ ಗಡಿಯ ಎರಡು ಬದಿಗೆ ಎರಡು ಬಗೆಯ ಕಾನೂನು.

ಪಾಠ ಮಾಡುವಾಗ ಕುಟುಂಬ ತನ್ನಷ್ಟಕ್ಕೆ ಬದಲಾಯಿತು ಎಂದು ದಯವಿಟ್ಟು ಹೇಳಬೇಡಿ. ಶಾಸನಸಭೆಯ ಮತ ಅದನ್ನು ಬದಲಿಸಿತು.

ಬದಿಯಡ್ಕದ ಕೃಷಿಕ:

ವಕೀಲರು ಕಾನೂನು ಹೇಳಿದರು. ನಾನು ಮಣ್ಣಿನ ಮಾತು ಹೇಳುತ್ತೇನೆ. ಕಾಯಂ ಆದ ಮೂಲಗೇಣಿ, ಕಾಯಂ ಅಲ್ಲದ ಚಾಲಗೇಣಿ ಎಂದು ಇಲ್ಲಿ ಎರಡು ಬಗೆಯ ಒಕ್ಕಲುತನ ಇತ್ತು. ಚಾಲಗೇಣಿಯವನನ್ನು ಧನಿ ಎಬ್ಬಿಸಬಹುದಿತ್ತು. ಕೇರಳದ ಭೂಸುಧಾರಣಾ ಕಾಯಿದೆ 1963ರದ್ದು. 1969ರ ತಿದ್ದುಪಡಿ ಬಂದು 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಕೊನೆಗೊಂಡಿತು. ನಮ್ಮ ಮನೆಯವರು ಗೇಣಿದಾರರು. ಆ ದಿನದ ಆಚೆಗೂ ಈಚೆಗೂ ನಮ್ಮ ಬದುಕು ಒಂದೇ ಅಲ್ಲ. ತಂದೆ ಧನಿಯ ಮನೆ ಜಗಲಿಯಲ್ಲಿ ಕುಳಿತುಕೊಳ್ಳುತ್ತಿರಲಿಲ್ಲ. ನಾನು ಕುಳಿತೆ.

ಇದೇ ಭೂಸುಧಾರಣೆಯನ್ನು ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂಬ ತತ್ವ ಅಲ್ಲಿಂದ ಬಂದಿತು. ಭೂಸುಧಾರಣೆ ಮಾತ್ರ ನಿಲ್ಲಲಿಲ್ಲ. ಧರ್ಮ, ಭೂಮಿ, ರಾಜ್ಯ ಮೂರೂ ಸೇರುವ ಪಾಠ ಬೇಕಾದರೆ ಮಾಸ್ತರರೇ, ಮಕ್ಕಳನ್ನು ಎಡನೀರಿಗೆ ಕರೆದುಕೊಂಡು ಬನ್ನಿ.

ನನ್ನ ಮಟ್ಟಿಗೆ ಎಲ್ಲದರ ಬೇರು ಆರ್ಥಿಕತೆಯಲ್ಲೇ ಇದೆ. ಅಡಿಕೆಗೆ ಧಾರಣೆ ಇದ್ದ ವರ್ಷ ದೇವಸ್ಥಾನ, ದೈವಸ್ಥಾನಗಳ ಪುನಃಪ್ರತಿಷ್ಠೆಯ ಬ್ರಹ್ಮಕಲಶಗಳು ಹೆಚ್ಚು, ಮಕ್ಕಳ ಮದುವೆ ಬೇಗ, ಇಂಗ್ಲಿಷ್ ಶಾಲೆಯ ಫೀಸು ಸಲೀಸು. ಕೊಳೆರೋಗ ಬಂದ ವರ್ಷ ಎಲ್ಲವೂ ಮುಂದಕ್ಕೆ. ಇನ್ನೊಂದು ಮಾತು: 1973ರಲ್ಲಿ ಶುರುವಾದ ಅಡಿಕೆಯ ಸಹಕಾರಿ ಸಂಘ ಕ್ಯಾಂಪ್ಕೊ ಕರ್ನಾಟಕ, ಕೇರಳ ಎರಡರ ಬೆಳೆಗಾರರದ್ದೂ ಆಗಿದೆ. ರಾಜ್ಯದ ಗಡಿ ಸಹಕಾರಿ ಸಂಘಕ್ಕೆ ಅಡ್ಡ ಬರಲಿಲ್ಲ. ಹಾಗಿದ್ದಾಗ ಶಾಲೆಗೆ, ಆಸ್ಪತ್ರೆಗೆ ಯಾಕೆ ಅಡ್ಡ ಬರಬೇಕು?

ಉಪ್ಪಳದ ಎಂ.ಎ. ವಿದ್ಯಾರ್ಥಿನಿ:

ಅಣ್ಣ, ನಿಮ್ಮ ತಂದೆಗೆ ಭೂಮಿ ಸಿಕ್ಕಿತು, ಸಂತೋಷ. ಆ ತೋಟದಲ್ಲಿ ಅಗೆದವರಿಗೆ ಏನು ಸಿಕ್ಕಿತು? ಗೇಣಿ ಚೀಟಿ ಇದ್ದವನು ಒಡೆಯನಾದ. ಕೂಲಿಯವರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಗುಡಿಸಲಿನ ಸುತ್ತ ಹಳ್ಳಿಯಲ್ಲಿ 10 ಸೆಂಟ್ಸ್. ಆದಿವಾಸಿಗಳಾದ ಕೊರಗರಿಗೆ ಎಷ್ಟೋ ಕಡೆ ಅದೂ ಇಲ್ಲ. ಸಂಘರ್ಷ ದೃಷ್ಟಿಯನ್ನು ಧನಿ ಮತ್ತು ಒಕ್ಕಲಿನ ನಡುವೆ ನಿಲ್ಲಿಸಿಬಿಟ್ಟರೆ ಅರ್ಧ ಸಮಾಜ ಹೊರಗೇ ಉಳಿಯುತ್ತದೆ.

ತರವಾಡಿನ ವಿಷಯದಲ್ಲೂ ಹಾಗೆಯೇ. ಮಾತೃವಂಶ ಎಂದ ಕೂಡಲೇ ಹೆಂಗಸರ ಆಡಳಿತ ಎಂದು ಭಾವಿಸುವವರಿದ್ದಾರೆ. ವಂಶ ತಾಯಿಯಿಂದ ಎಣಿಸುತ್ತಿದ್ದರು ನಿಜ. ಯಜಮಾನತಿಯರಿದ್ದರು ಎನ್ನುವುದೂ ನಿಜ. ಆದರೆ ಹೆಚ್ಚಿನ ಕಡೆ ಬೀಗದ ಕೈ ಇದ್ದದ್ದು ಸೋದರಮಾವನ ಸೊಂಟದಲ್ಲಿ. ಹಾಗಿದ್ದೂ ಗಂಡ ಬಿಟ್ಟವಳಿಗೆ, ಗಂಡ ಸತ್ತವಳಿಗೆ ಮರಳಿ ಬರಲು ಒಂದು ಮನೆ ಇತ್ತು. ಆ ಭದ್ರತೆಯನ್ನು ಹೊಸ ಕಾನೂನು ಬೇರೆ ರೂಪದಲ್ಲಿ ಕೊಟ್ಟಿತೇ ಎಂದು ಯಾರೂ ಕೇಳುತ್ತಿಲ್ಲ. ಕಾಗದದ ಮೇಲೆ ಮಗಳಿಗೆ ಸಮಪಾಲು ಇದೆ. ಅಣ್ಣಂದಿರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದೂ ಇದೆ.

ನಮ್ಮ ಮಾಪಿಳ್ಳ, ಬ್ಯಾರಿ ಮುಸ್ಲಿಮರ ಮನೆಗಳದ್ದು ಇನ್ನೊಂದು ಬಗೆ. ಗಂಡ ಕೊಲ್ಲಿ ರಾಷ್ಟ್ರದಲ್ಲಿ, ಹೆಂಡತಿ ಇಲ್ಲಿ. ಬ್ಯಾಂಕು, ಮನೆ ಕಟ್ಟುವ ಮೇಸ್ತ್ರಿ, ಶಾಲೆಯ ಪಾಲಕರ ಸಭೆ, ಆಸ್ಪತ್ರೆ ಎಲ್ಲವನ್ನೂ ಅವಳೇ ನೋಡುತ್ತಾಳೆ. ಗಂಡ ರಜೆಯಲ್ಲಿ ಬಂದ ಆ ಕೆಲವು ವಾರಗಳಲ್ಲಿ ಮಾತ್ರ ಮನೆಯ ಯಜಮಾನ ಬದಲಾಗುತ್ತಾನೆ. ಇದನ್ನು ಕಾರ್ಯಾತ್ಮಕ ದೃಷ್ಟಿ ವಿವರಿಸಲಾರದು. ಹೆಂಡತಿಯ ಪಾತ್ರ ಏನೆಂದು ದಿನದಿನವೂ ಫೋನಿನಲ್ಲಿ, ಅತ್ತೆಯ ಎದುರಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಮತ್ತೆ ಮತ್ತೆ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಅಂತರಕ್ರಿಯಾ ದೃಷ್ಟಿ ನಮಗೆ ಬೇಕಾಗುವುದು ಇಂಥಲ್ಲಿ.

ಭಾಷೆಯ ವಿಷಯವನ್ನೂ ಸೇರಿಸುತ್ತೇನೆ. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಬೆಳಿಗ್ಗೆ ಮದರಸದಲ್ಲಿ ಅರಬಿ ಲಿಪಿಯಲ್ಲಿ ಬರೆದ ಮಲಯಾಳ ಪಠ್ಯ, ಹತ್ತು ಗಂಟೆಗೆ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಇನ್ನೊಂದು ನುಡಿ. ನನಗೆ ಮಲಯಾಳ ಕೊಟ್ಟದ್ದು ಸರ್ಕಾರದ ಶಾಲೆಯಲ್ಲ, ಧರ್ಮದ ಶಾಲೆ. ಮಾಸ್ತರರ ವಾದಕ್ಕೆ ಇದು ಪುಷ್ಟಿ ಕೊಡುತ್ತದೆ.

ತಲಪಾಡಿ ಆಚೆಯವನು:

ಪಾರ್ಸನ್ಸ್‌ನ ಕಾಲ ಮುಗಿದು ಐವತ್ತು ವರ್ಷ ಆಯಿತಲ್ಲ. ವಿಶ್ವವಿದ್ಯಾಲಯಗಳಲ್ಲಿ ಈಗ ಕಾರ್ಯಾತ್ಮಕ ದೃಷ್ಟಿಯನ್ನು ಇತಿಹಾಸವಾಗಿ ಮಾತ್ರ ಓದುತ್ತಾರೆ. ಅದನ್ನು ಹಿಡಿದುಕೊಂಡು ತರವಾಡು ಅಳೆಯುವುದು ಯಾಕೆ?

ಪೈವಳಿಕೆಯ ಅಧ್ಯಾಪಕ:

ಯಾಕೆಂದರೆ ನಮ್ಮ ಜನ ಯೋಚಿಸುವುದೇ ಹಾಗೆ. 'ಕಟ್ಟು ಮುರಿದರೆ ಊರು ಕೆಡುತ್ತದೆ' ಎನ್ನುವ ಹಿರಿಯರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮನನ್ನು ಓದಿಲ್ಲ, ಆದರೆ ಅವನು ಹೇಳಿದ್ದನ್ನೇ ಹೇಳುತ್ತಾರೆ. ಜನ ನಂಬುವ ತರ್ಕವನ್ನು ಬದಿಗಿಟ್ಟು ಅವರ ಸಂಸ್ಥೆಗಳನ್ನು ವಿವರಿಸಲು ಆಗುವುದಿಲ್ಲ.

ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ಕಾರ್ಯಾತ್ಮಕ ದೃಷ್ಟಿಯನ್ನು ತಿದ್ದಿ ಕೊಟ್ಟದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಸಂಸ್ಥೆಗೆ ವ್ಯಕ್ತ ಕಾರ್ಯ ಒಂದು, ಸುಪ್ತ ಕಾರ್ಯ ಇನ್ನೊಂದು. ಹಾನಿ ಮಾಡುವ ಪರಿಣಾಮಗಳೂ ಇರುತ್ತವೆ ಎಂದರು ಅವರು. ನೇಮದ ವ್ಯಕ್ತ ಉದ್ದೇಶ ದೈವದ ಅಭಯ. ಸುಪ್ತವಾಗಿ ನಡೆಯುವುದು ಚದುರಿದ ಕುಟುಂಬದ ಲೆಕ್ಕ: ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ಕೆಲಸ ಹೋಯಿತು, ಯಾವ ಹುಡುಗಿಗೆ ಗಂಡು ನೋಡಬೇಕು. ಪಕ್ಕದ ಕೊಡಗಿನಲ್ಲೂ ಕೊಡವರ ಒಕ್ಕದ (ಮನೆತನದ) ಮೂಲಮನೆಗಳಾದ ಐನ್‌ಮನೆಗಳು ಇದೇ ರೀತಿ ಕುಟುಂಬವನ್ನು ಕೂಡಿಸುತ್ತವೆ. ಅವರದ್ದು ಪಿತೃವಂಶ, ನಮ್ಮದು ಮಾತೃವಂಶ. ವಂಶದ ದಾರಿ ಬೇರೆಯಾದರೂ ಮನೆ ಮಾಡುವ ಕೆಲಸ ಒಂದೇ ಆಗಿದೆ. ಕೊಡವರ ಬಗ್ಗೆ ಬರೆದ ಮೈಸೂರಿನ ಎಂ. ಎನ್. ಶ್ರೀನಿವಾಸರೇ, ಕೆಳಗಿನ ಜಾತಿಗಳು ಮೇಲ್ಜಾತಿಗಳ ಆಚರಣೆಗಳನ್ನು ಅನುಸರಿಸುವ ಸಂಸ್ಕೃತೀಕರಣದ ಮಾತನ್ನೂ ಹೇಳಿದರು. ತಂತ್ರಿಗಳನ್ನು ಕರೆಸಿ ಬ್ರಹ್ಮಕಲಶ ಮಾಡಿಸುವ ದೈವಸ್ಥಾನಗಳನ್ನು ನೋಡುವಾಗ ಆ ಮಾತು ನೆನಪಾಗದೆ ಇರುವುದಿಲ್ಲ.

ಉಪ್ಪಳದ ಎಂ.ಎ. ವಿದ್ಯಾರ್ಥಿನಿ:

ಒಂದು ಪ್ರಶ್ನೆ ಬಾಕಿ ಇದೆ ಮಾಸ್ತರರೇ. ನೇಮದ ರಾತ್ರಿ ದೈವ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ದೈವದ ದೊಡ್ಡ ಅಲಂಕಾರವಾದ ಅಣಿ ಕಟ್ಟಿದಾಗ ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನ ಕೈಮುಗಿದು ನಿಲ್ಲುತ್ತಾನೆ. ಅಣಿ ಬಿಚ್ಚಿದ ಮೇಲೆ ಅದೇ ಮನುಷ್ಯನಿಗೆ ಊಟ ಎಲ್ಲಿ ಬಡಿಸುತ್ತಾರೆ? ನೀವು ಹೇಳುವ ಸುಪ್ತ ಕಾರ್ಯದ ಲೆಕ್ಕದಲ್ಲಿ ಅವರ ಕುಟುಂಬ ಯಾವ ಸಾಲಿನಲ್ಲಿದೆ? ಕೊರಗರಿಂದ ಅವಮಾನದ ಕೆಲಸಗಳನ್ನು ಮಾಡಿಸುತ್ತಿದ್ದ ಅಜಲು ಪದ್ಧತಿಯೂ 'ಕಟ್ಟು' ಎಂದೇ ಕರೆಸಿಕೊಂಡಿತ್ತು. ಕರ್ನಾಟಕ ಅದನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಕಾಯಿದೆ ಮಾಡಬೇಕಾಯಿತು. ಊರನ್ನು ಒಟ್ಟಿಗೆ ಇಟ್ಟ ಕಟ್ಟು ಯಾರ ಬೆನ್ನಿನ ಮೇಲೆ ನಿಂತಿತ್ತು ಎಂದು ಮೊದಲ ತರಗತಿಯಲ್ಲೇ ಹೇಳಬೇಕು, ಕೊನೆಯ ಪುಟದಲ್ಲಿ ಅಲ್ಲ.

ಬೇಳದ ಓದುಗಿ:

ನಮ್ಮ ಇಗರ್ಜಿಯ ವಿಷಯ ಹೇಳುತ್ತೇನೆ. ಬೇಳ, ಕಾಸರಗೋಡು, ಮಂಜೇಶ್ವರ ಕಡೆಯ ಕೊಂಕಣಿ ಕಥೋಲಿಕರು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. 1956ರಲ್ಲಿ ರಾಜ್ಯದ ಗಡಿ ಎಳೆದವರು ನಮ್ಮ ಬಿಷಪರನ್ನು ಬದಲಿಸಲಿಲ್ಲ. ಮತ ಹಾಕುವುದು ಕೇರಳದಲ್ಲಿ, ಪಾದ್ರಿಗಳು ವರ್ಗವಾಗಿ ಬರುವುದು ದಕ್ಷಿಣ ಕನ್ನಡದಿಂದ. ಪೂರ್ವದ ಗುಡ್ಡದ ಕಡೆ ತಿರುವಾಂಕೂರಿನಿಂದ ವಲಸೆ ಬಂದ ಕ್ರೈಸ್ತರ ಇಗರ್ಜಿಗಳು ಬೇರೆ, ಅವರ ಪೂಜೆಯ ಭಾಷೆ ಮಲಯಾಳ. ಒಂದೇ ಜಿಲ್ಲೆಯಲ್ಲಿ ಒಂದೇ ಧರ್ಮ ಎರಡು ಊರುಗಳ ಕಡೆಗೆ ಮುಖ ಮಾಡಿದೆ.

ಧರ್ಮ ಸಮಾಜವನ್ನು ಒಂದುಗೂಡಿಸುತ್ತದೆ ಎನ್ನುತ್ತಾರೆ. ಯಾವ ಸಮಾಜವನ್ನು? ನನ್ನ ತಂಗಿಗೆ ಮದುವೆ ಗೊತ್ತಾದದ್ದು ಬಂಟ್ವಾಳದ ಕಡೆಗೆ, ಕೇರಳದ ಒಳಗೆ ಅಲ್ಲ. ನಮ್ಮ ಸಂಬಂಧಗಳು ಧರ್ಮಪ್ರಾಂತ್ಯದ ಗಡಿಯೊಳಗೆ ನಡೆಯುತ್ತವೆ. ಇಗರ್ಜಿ ನಮ್ಮನ್ನು ತಲಪಾಡಿಯ ಆಚೆಗೆ ಕಟ್ಟಿಹಾಕಿದೆ, ಅದೇ ಕಾರಣಕ್ಕೆ ಜಿಲ್ಲೆಯ ಇನ್ನೊಂದು ಪಾಲಿನಿಂದ ದೂರ ಇಟ್ಟಿದೆ.

ಎಣ್ಮಕಜೆಯ ಆಶಾ ಕಾರ್ಯಕರ್ತೆ:

ಇಲ್ಲಿಯವರೆಗೆ ಎಲ್ಲರೂ ಆಸ್ತಿ, ದೈವ, ಇಗರ್ಜಿ ಎಂದಿರಿ. ಕುಟುಂಬ ಮಾಡುವ ಅತಿ ದೊಡ್ಡ ಕೆಲಸವನ್ನು ಯಾರೂ ಎತ್ತಲಿಲ್ಲ. ಕಾಯಿಲೆಯವರನ್ನು ನೋಡಿಕೊಳ್ಳುವುದು.

ನಮ್ಮ ಪಂಚಾಯತಿನ ಮೇಲೆ, ಸುತ್ತಲಿನ ಪಂಚಾಯತುಗಳ ಮೇಲೆ ಸರ್ಕಾರಿ ಒಡೆತನದ ಗೇರು ತೋಟಗಳಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. 2000ದಲ್ಲಿ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಆದೇಶಿಸಿತು. ಹಲವರಿಗೆ ಆ ಹಣ ವರ್ಷಗಟ್ಟಲೆ ತಡವಾಗಿ ಸಿಕ್ಕಿತು. ತೋಟದ ಒಡೆಯನೂ ಸರ್ಕಾರ, ಪರಿಹಾರ ಕೊಡಬೇಕಾದವನೂ ಸರ್ಕಾರ, ಯಾರು ಬಾಧಿತರು ಎಂದು ಪಟ್ಟಿ ಮಾಡುವವನೂ ಸರ್ಕಾರ. ಸಂಘರ್ಷ ದೃಷ್ಟಿ ಎಂದರೆ ಏನೆಂದು ನಾನು ಕಲಿತದ್ದು ಈ ಪಟ್ಟಿಯ ಸಾಲಿನಲ್ಲಿ ನಿಂತ ತಾಯಂದಿರಿಂದ.

ಮಾಸ್ತರರು ಹೇಳಿದ ಅದೇ ಪಾರ್ಸನ್ಸ್ ರೋಗಿಯ ಪಾತ್ರದ ಬಗ್ಗೆಯೂ ಬರೆದಿದ್ದಾರೆಂದು ತರಬೇತಿಯೊಂದರಲ್ಲಿ ಕೇಳಿದ್ದೆ. ರೋಗಿಗೆ ದಿನದ ಕರ್ತವ್ಯಗಳಿಂದ ವಿನಾಯಿತಿ ಇದೆ, ಆದರೆ ಗುಣವಾಗಲು ಬಯಸಬೇಕು, ವೈದ್ಯರ ಮಾತು ಕೇಳಬೇಕು, ಬೇಗ ಕೆಲಸಕ್ಕೆ ಮರಳಬೇಕು. ಗುಣವಾಗುವುದೇ ಇಲ್ಲದ ಮಗುವಿಗೆ ಈ ಪಾತ್ರ ಹೇಗೆ ಹೊಂದುತ್ತದೆ? ಇಪ್ಪತ್ತೈದು ದಾಟಿದರೂ ಎತ್ತಿ ಮೀಯಿಸಬೇಕಾದ ಮಗ, ಅರವತ್ತು ದಾಟಿದ ತಾಯಿ. ಅವಳಿಗೆ ಯಾವ ಕರ್ತವ್ಯದಿಂದಲೂ ವಿನಾಯಿತಿ ಇಲ್ಲ. ಭಿನ್ನಸಾಮರ್ಥ್ಯದ ಮಕ್ಕಳಿಗಾಗಿ ಇರುವ ಪಂಚಾಯತಿನ ಬಡ್ಸ್ ಶಾಲೆಗೆ ಮಗುವನ್ನು ಕಳುಹಿಸಿದ ದಿನ ಆ ತಾಯಿ ಬೀಡಿ ಕಟ್ಟುತ್ತಾಳೆ ಅಥವಾ ಗೇರುಬೀಜ ಹೆಕ್ಕಲು ಹೋಗುತ್ತಾಳೆ. ಶಾಲೆ ಎಂಬ ಸಂಸ್ಥೆ ಇಲ್ಲಿ ಮಾಡುತ್ತಿರುವ ಕೆಲಸ ಅಕ್ಷರ ಕಲಿಸುವುದು ಮಾತ್ರವಲ್ಲ, ಒಬ್ಬ ತಾಯಿಗೆ ಕೆಲವು ಗಂಟೆಗಳ ಬಿಡುವು ಕೊಡುವುದು. ಹತ್ತಿರದ ಊರುಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳ ಸಂಬಂಧ ಬೇಡ ಎಂದವರಿದ್ದಾರೆ. ಕಾಯಿಲೆ ಒಂದು ಮನೆಯಲ್ಲಿ, ಕಳಂಕ ಇಡೀ ಊರಿಗೆ.

ಗಡಿಯ ಮಾತು. 2020ರ ಮಾರ್ಚಿನಲ್ಲಿ ಕೊರೋನ ಬಂದಾಗ ಕರ್ನಾಟಕದವರು ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ನಮ್ಮ ಡಯಾಲಿಸಿಸ್, ಹೆರಿಗೆ, ಹೃದಯದ ಚಿಕಿತ್ಸೆ ಎಲ್ಲವೂ ಮಂಗಳೂರಿನಲ್ಲಿ. ದಾರಿಯಲ್ಲೇ ಜೀವ ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಕೇರಳ ಹೈಕೋರ್ಟಿನ ಆದೇಶ ಬಂದು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳನ್ನು ಬಿಡಲು ಒಪ್ಪಿದರು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ಅದೇ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆ ತೆರೆಯಿತು. ಅಣ್ಣ ಬದಿಯಡ್ಕದಿಂದ ಕೇಳಿದರಲ್ಲ, ಸಹಕಾರಿ ಸಂಘಕ್ಕೆ ಬಾರದ ಗಡಿ ಆಸ್ಪತ್ರೆಗೆ ಯಾಕೆ ಬಂದಿತು ಎಂದು. ಅಡಿಕೆಗೆ ಎರಡು ಕಡೆಯೂ ಬೆಲೆ ಇದೆ ಅಣ್ಣ. ರೋಗಿ ಎರಡು ಸರ್ಕಾರಗಳಿಗೂ ಖರ್ಚು.

ಬದಿಯಡ್ಕದ ಕೃಷಿಕ:

ಅಕ್ಕ, ನಿಮ್ಮ ಕೊನೆಯ ಮಾತು ಬಹಳ ಹೊತ್ತು ಕಾಡಿತು. ಉತ್ತರ ನನ್ನಲ್ಲಿಲ್ಲ.

ತಲಪಾಡಿ ಆಚೆಯವನು:

ಆ ಮಣ್ಣಿನ ರಾಶಿಯನ್ನು ನಾನೂ ಕಂಡಿದ್ದೇನೆ. ನಮ್ಮ ಕಡೆಯಲ್ಲೂ ಅದನ್ನು ಖಂಡಿಸಿದವರಿದ್ದರು, ಸಾಕಾಗಲಿಲ್ಲ. ಚರ್ಚೆಗೆ ಮರಳುವುದಾದರೆ, ಕನ್ನಡ ಶಾಲೆಗಳ ಬಗ್ಗೆ ಮಾಸ್ತರರಿಂದ ಕೇಳಬೇಕು. ಮಲಯಾಳ ಹೇರಿಕೆಯಿಂದ ಕನ್ನಡ ಶಾಲೆ ಸಾಯುತ್ತಿದೆ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಇದು ಪೂರ್ತಿ ಸತ್ಯವೇ?

ಪೈವಳಿಕೆಯ ಅಧ್ಯಾಪಕ:

ಸತ್ಯದ ಒಂದು ಭಾಗ. ಅದನ್ನು ಮೊದಲು ಹೇಳಿಬಿಡುತ್ತೇನೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಿ ಎನ್ನುತ್ತದೆ. ಅದು ಸೇರಿದ್ದೇ 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿನಲ್ಲಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಹಕ್ಕು ಇದೆ, ನಡೆಸಿಕೊಡುವ ಮನಸ್ಸು ಎಲ್ಲ ಕಚೇರಿಗಳಲ್ಲಿ ಇಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಲು ನೇಮಿಸಿದಾಗ ಪಾಲಕರು ಬೀದಿಗೆ ಇಳಿದಿದ್ದಾರೆ. ಗಣಿತವನ್ನು ಅರ್ಥವಾಗದ ಭಾಷೆಯಲ್ಲಿ ಕೇಳಿ ಕುಳಿತ ಮಕ್ಕಳ ಮುಖ ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. 2017ರಲ್ಲಿ ಮಲಯಾಳ ಕಡ್ಡಾಯ ಕಾಯಿದೆ ಬಂದಾಗಲೂ ಇಲ್ಲಿ ಪ್ರತಿಭಟನೆ ನಡೆಯಿತು.

ಇನ್ನೊಂದು ಭಾಗ ನಮ್ಮ ಮನೆಗಳೊಳಗೆ ಇದೆ. ಇಲ್ಲಿನ ಕನ್ನಡ ಶಾಲೆಗಳಲ್ಲಿ ಬಹಳಷ್ಟು ಅನುದಾನಿತ ಶಾಲೆಗಳು. ಮ್ಯಾನೇಜರ್ ನೇಮಕ ಮಾಡುತ್ತಾನೆ, ಸಂಬಳ ಸರ್ಕಾರ ಕೊಡುತ್ತದೆ, ಕೇರಳ ಶಿಕ್ಷಣ ಕಾಯಿದೆಯ ಕಾಲದಿಂದಲೂ ಹೀಗೆ. ಮ್ಯಾನೇಜರುಗಳಲ್ಲಿ ಹಳೆಯ ಭೂಮಾಲೀಕ ಮನೆತನದವರಿದ್ದಾರೆ. ಗದ್ದೆ ಹೋದ ಮೇಲೆ ಊರಿನಲ್ಲಿ ಅವರ ಮರ್ಯಾದೆಯನ್ನು ಉಳಿಸಿದ್ದರಲ್ಲಿ ಶಾಲೆಗೂ ಪಾಲಿದೆ. ಆ ಮನೆಗಳ ಮೊಮ್ಮಕ್ಕಳು ಎಲ್ಲಿ ಓದುತ್ತಾರೆ? ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಶಾಲೆಯ ಅಧ್ಯಾಪಕರ ಮಕ್ಕಳೂ ಅಲ್ಲೇ.

ಜೂನ್ ತಿಂಗಳು ಬಂದರೆ ಆರನೇ ಕೆಲಸದ ದಿನದ ಹಾಜರಿ ಎಂಬುದೊಂದು ಇದೆ. ಆ ದಿನದ ಮಕ್ಕಳ ಸಂಖ್ಯೆಯ ಮೇಲೆ ಶಾಲೆಗೆ ಎಷ್ಟು ಹುದ್ದೆ ಎಂದು ನಿರ್ಧಾರವಾಗುತ್ತದೆ. ಅದಕ್ಕಾಗಿ ಏಪ್ರಿಲ್, ಮೇ ಬಿಸಿಲಿನಲ್ಲಿ ಟೀಚರುಗಳು ಮನೆಮನೆಗೆ ಹೋಗಿ ಮಗುವನ್ನು ನಮ್ಮ ಶಾಲೆಗೆ ಕಳುಹಿಸಿ ಎಂದು ಬೇಡುತ್ತಾರೆ. ಪಾಲಕರು ನಯವಾಗಿಯೇ ಕೇಳುತ್ತಾರೆ: 'ಟೀಚರ್, ನಿಮ್ಮ ಮಗ ಎಲ್ಲಿ?' ಫ್ರಾನ್ಸಿನ ಪಿಯರ್ ಬೋರ್ದಿಯು ಶಾಲೆಯು ಮೇಲ್ವರ್ಗದ ಮನೆಯ ಭಾಷೆ, ನಡೆನುಡಿಗಳನ್ನೇ ಯೋಗ್ಯತೆ ಎಂದು ಅಳೆಯುತ್ತದೆ ಎಂದರು. ಅಂಥ ಬಂಡವಾಳ ಮನೆಯಲ್ಲಿ ಇಲ್ಲದವರು ಅದನ್ನು ಫೀಸು ಕೊಟ್ಟು ಕೊಳ್ಳಲು ಹೋಗುತ್ತಾರೆ. ಕೂಲಿ ಮಾಡುವ ತಾಯಿ ಸಾಲ ಮಾಡಿ ಇಂಗ್ಲಿಷ್ ಶಾಲೆಗೆ ಕಳುಹಿಸುವುದನ್ನು ಭಾಷಾದ್ರೋಹ ಎನ್ನುವವರ ಮೇಲೆ ನನಗೆ ಗೌರವವಿಲ್ಲ. ಉಳ್ಳವರು ತಮಗೆ ಆರಿಸಿಕೊಂಡದ್ದನ್ನೇ ಅವಳೂ ತನ್ನ ಮಗುವಿಗೆ ಕೇಳುತ್ತಿದ್ದಾಳೆ.

ಹೀಗೆ ಎಲ್ಲರೂ ಬಿಟ್ಟ ಮೇಲೆ ಕನ್ನಡ ಶಾಲೆಯಲ್ಲಿ ಉಳಿದವರು ಯಾರು? ಕೊರಗರ, ಮರಾಟಿಗಳ, ದಲಿತರ, ಬಡ ಮುಸ್ಲಿಮರ ಮಕ್ಕಳು. ಇವರಲ್ಲಿ ಅನೇಕರ ಮನೆಮಾತು ಕನ್ನಡವಲ್ಲ. ಗಡಿನಾಡಿನ ಕನ್ನಡವನ್ನು ಇಂದು ಹೊತ್ತಿರುವವರು ಇವರೇ. ಮಂಜೇಶ್ವರ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಎಂದು ವೇದಿಕೆಯ ಮೇಲೆ ಹೆಸರು ಹೇಳುವ ನಾವು ಈ ಮಕ್ಕಳನ್ನು ಅದೇ ವೇದಿಕೆಗೆ ಕರೆಯುತ್ತೇವೆಯೇ? ಉಪ್ಪಳದ ತಂಗಿ ಕೇಳಿದ ಪ್ರಶ್ನೆಗೂ ಇದೇ ನನ್ನ ಉತ್ತರ. ಒಂದು ಸಂಸ್ಥೆ ಇನ್ನೊಂದರ ಕೆಲಸ ಹೊರುತ್ತದೆ ಎಂದೆನಲ್ಲ, ಆ ಭಾರ ಎಲ್ಲರ ಹೆಗಲಿಗೂ ಸಮನಾಗಿ ಬರುವುದಿಲ್ಲ. ತರವಾಡಿನ ನೇಮದಲ್ಲಿ, ಎಣ್ಮಕಜೆಯ ಮನೆಯಲ್ಲಿ, ಕನ್ನಡ ಶಾಲೆಯಲ್ಲಿ ಅದು ಕೆಳಗಿದ್ದವರ ಮೇಲೇ ಬೀಳುತ್ತಿದೆ.

ಉಪ್ಪಳದ ಎಂ.ಎ. ವಿದ್ಯಾರ್ಥಿನಿ:

ಮಾಸ್ತರರೇ, ಇದನ್ನು ಪಾಠವಾಗಿ ಹೇಳುವಾಗ ನಲಿಕೆ ಸಮುದಾಯದ ಮಕ್ಕಳಿಂದಲೇ ಅವರ ಮನೆಯ ಮಾತು ಬರೆಸಿ. ಅವರ ಬಗ್ಗೆ ಬೇರೆಯವರು ಬರೆದದ್ದೇ ಹೆಚ್ಚು.

ವಕೀಲರಿಗೆ ಒಂದು ಪ್ರಶ್ನೆ. ಜೀರ್ಣೋದ್ಧಾರವಾದ ತರವಾಡುಗಳ ಟ್ರಸ್ಟುಗಳಲ್ಲಿ ಸದಸ್ಯತ್ವ ಯಾರಿಗೆ ಕೊಡುತ್ತಾರೆ? ನನ್ನ ಪ್ರಬಂಧಕ್ಕೆ ಇದು ಬೇಕಾಗಿದೆ.

ಮಂಜೇಶ್ವರದ ವಕೀಲ:

ನಾನು ಬರೆದುಕೊಟ್ಟ ಟ್ರಸ್ಟ್ ಪತ್ರಗಳ ಆಧಾರದಲ್ಲಿ ಹೇಳುತ್ತೇನೆ. ಸದಸ್ಯತ್ವ ತಾಯಿಯ ಕಡೆಯಿಂದಲೇ. ಕವರು ಲೆಕ್ಕದಲ್ಲಿ ಒಬ್ಬೊಬ್ಬ ಪ್ರತಿನಿಧಿ, ಅವರೆಲ್ಲ ಸೇರಿ ಆಡಳಿತ ಮಂಡಳಿ. ಮಗಳ ಮಕ್ಕಳು ಸದಸ್ಯರು, ಮಗನ ಮಕ್ಕಳು ಅಲ್ಲ. ಅವರು ತಮ್ಮ ತಾಯಿಯ ತರವಾಡಿಗೆ ಸೇರಿದವರು. ಕಾನೂನು 1976ರಲ್ಲಿ ತೆಗೆದುಹಾಕಿದ ಕವರನ್ನು ಈ ಕುಟುಂಬಗಳು ತಾವೇ ಒಪ್ಪಿ ಟ್ರಸ್ಟ್ ಪತ್ರದೊಳಗೆ ಮತ್ತೆ ಬರೆಸಿಕೊಂಡಿವೆ.

ಅಧ್ಯಕ್ಷರು ಬಹುತೇಕ ಗಂಡಸರು. ಕಾರ್ಯದರ್ಶಿ, ಖಜಾಂಚಿ ಸ್ಥಾನಕ್ಕೆ ಈಚೆಗೆ ಹೆಂಗಸರು ಬರುತ್ತಿದ್ದಾರೆ, ಹೆಚ್ಚಿನವರು ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿದವರು. ನಿಮ್ಮ ಪ್ರಬಂಧಕ್ಕೆ ಉಪಯೋಗವಾಗಬಹುದಾದ ಇನ್ನೊಂದು ಸಂಗತಿ: ಗಂಡನ ತರವಾಡಿನ ಟ್ರಸ್ಟಿನಲ್ಲಿ ಹೆಂಡತಿಗೆ ಮತ ಇಲ್ಲ. ವಂತಿಗೆಯನ್ನು ಮಾತ್ರ ಮನೆ ಲೆಕ್ಕದಲ್ಲಿ ಎತ್ತುವುದರಿಂದ ಅದು ಅವಳ ಸಂಬಳದಿಂದಲೂ ಹೋಗುತ್ತದೆ. ಇದನ್ನು ಬದಲಿಸಿ ಎಂದು ಕೇಳಿಕೊಂಡು ಇತ್ತೀಚೆಗೆ ಒಬ್ಬರು ನನ್ನ ಕಚೇರಿಗೆ ಬಂದಿದ್ದರು. ಕರಡು ತಯಾರಾಗುತ್ತಿದೆ, ಮುಂದಿನ ತಂಬಿಲದ ದಿನ ಕುಟುಂಬದ ಸಭೆಯಲ್ಲಿ ಅದನ್ನು ಮಂಡಿಸುತ್ತಾರೆ.